ಉಚಿತ ಸ್ಟೀಲ್ ಡಬ್ಬಿ

ಗೆಳೆಯರೇ, ಇವತ್ತು ಮುಖ ಎಲ್ಲಿಟ್ಟುಕೊಳ್ಳಲಿ ಎನ್ನುವಂತಾಯಿತು.

"ಯಾವುದೋ ಲೇಔಟ್‌ನವರು ದಿನಾ ಫೋನ್ ಮಾಡಿ ಸೈಟ್ ತಗೊಳ್ಳಿ ಅಂತ ಪ್ರಾಣ ತಿಂತಾರೆ. ಒಂದು ಕಂಪ್ಲೇಂಟ್ ಹಾಕ್ಕೊಡು ಕಣಮ್ಮ" ಎಂದು ನಮ್ಮ ಮನೆ ಓನರ್ ಕಮಲಮ್ಮ ಟೀಚರ್ ಮೊಬೈಲ್ ಕೊಟ್ಟರು.

ಬೇಡದ ಕರೆಗಳ ಮೇಲೆ ದೂರು ಕೊಡುವ ಆ್ಯಪ್ ಕೇಳಿತು: ಈ ಕರೆಗಳಿಗೆ ಒಪ್ಪಿಗೆ ಕೊಟ್ಟಿದ್ದೀರಾ?

ಅವರು ಕೊಟ್ಟಿಲ್ಲ. ಬೋಗಾದಿಯ ಸೈಟ್ ಮೇಳದಲ್ಲಿ ಉಚಿತ ಡಬ್ಬಿಯೂ ಬೇಕು, ಫೋನ್ ಕಾಟವೂ ಬೇಡ ಎಂದು ನನ್ನದರ ಬದಲು ಅವರ ನಂಬರ್ ಬರೆದವಳು ನಾನು. ತಲೆ ತಗ್ಗಿಸಿ 'ಇಲ್ಲ' ಒತ್ತಿದೆ.

"ಕಂಪನಿ ಹೆಸರು ಗೊತ್ತಾ ಟೀಚರ್?"

"ನೀನು ಒಬ್ಬಟ್ಟು ಕೊಟ್ಟಿದ್ದ ಡಬ್ಬಿ ಮೇಲೇ ಇದೆಯಲ್ಲಮ್ಮ" ಎಂದು ಒಳಗಿನಿಂದ ಅದನ್ನು ತಂದುಕೊಟ್ಟರು. ಖಾಲಿ ಕೊಡಬಾರದೆಂದು ಕೋಡುಬಳೆ ತುಂಬಿಸಿದ್ದರು.

ದೂರು ದಾಖಲಾಯಿತು. ಕಂಪನಿಗೆ ನೋಟಿಸಂತೆ. ನನಗೆ ಕೋಡುಬಳೆ.