ಎಣ್ಣೆ ಕುಡಿಯದ ಕಟ್ಟಿಗೆ

ಕಮಲಾಪುರದ ಪುತಳಾಬಾಯಿಗೆ ಕಟ್ಟಿಗೆ ಕಂಡರೆ ಮುಟ್ಟಿ ನೋಡುವ ಚಟ. ಊರಲ್ಲಿ ಯಾರ ಮನೆಗೆ ಹೊಸ ಕೂರಿಗೆ, ಹೊಸ ನೊಗ ಬಂದರೂ ಎಣ್ಣೆ ಕುಡಿಸಲು ಅವಳನ್ನೇ ಕರೆಯುತ್ತಿದ್ದರು. ವಾರಕ್ಕೊಮ್ಮೆ ಕಾಯಿಸಿದ ಅಗಸಿ ಎಣ್ಣೆಯ ಡಬ್ಬಿಯೊಂದಿಗೆ ಬಂಡಿ ಹತ್ತಿ ಕಲಬುರ್ಗಿಗೆ ಬರುತ್ತಿದ್ದಳು.

ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ಎರಡನೆಯ ಬೇಸಿಗೆ. ಕಲಬುರ್ಗಿಯ ಮೋಮಿನಪುರದಲ್ಲಿ ಸಿತಾರು, ಹಾರ್ಮೋನಿಯಂ ದುರಸ್ತಿ ಮಾಡುವ ಜಹೀರುದ್ದೀನರ ಅಂಗಡಿಗೆ ಎಣ್ಣೆ ಕೊಡಲು ಹೋದಳು. ಬಾಗಿಲ ಬಳಿ, ಅಂಗಡಿಯ ಪಾಲಿಶ್ ಕೆಲಸದವನು ಕೂಡುತ್ತಿದ್ದ ಮಣೆಯ ಮೇಲೆ ಅಂಟಿನ ಡಬ್ಬಿಗಳು ಕೂತಿದ್ದವು. ಗಲಾಟೆಯ ದಿನಗಳಲ್ಲಿ ಹೈದರಾಬಾದಿಗೆ ಹೋದ ಅವನು ತಿರುಗಿ ಬಂದಿರಲಿಲ್ಲ. ಅಲ್ಲೇ ಗೋಡೆಗೆ ಆನಿಸಿಟ್ಟಿದ್ದ ಬಿಳಿಯ ತುಂಡೊಂದರ ಮೇಲೆ ಅವಳ ಕಣ್ಣು ಬಿತ್ತು.

“ಇದೇನ್ರೀ ಉಸ್ತಾದ್? ಸುಲದ ಮೂಲಂಗಿ ಇದ್ದಂಗ ಅದ.”

“ಗಿಟಾರಿನ ಗರ್ದನ್, ಕುತ್ತಿಗಿ. ಪಲ್ಟಣದ ಬ್ಯಾಂಡಿನವಂದು. ಹಳೇದು ಸೀಳ್ಯದ, ಮುಂಬೈದಿಂದ ಎಣ್ಣಿ ಕಾಣದ ಕೋರಾ ತುಂಡು ತರಿಸ್ಯಾನ. ಮೇಪಲ್ ಅಂತ, ವಿಲಾಯತಿ ಗಿಡ. ಶುಕ್ರವಾರ ಪಲ್ಟಣ ಹೊಂಡತದ. ಎಣ್ಣಿ ಹಚ್ಚಾವ ನೋಡಿದ್ರ ಇನ್ನೂ ತಿರುಗಿ ಬಂದಿಲ್ಲ, ನನಗ ಆ ಕೈಚಳಕ ಇಲ್ಲ.”

“ನಾ ಹಚ್ತೇನಿ.”

“ಇದು ಕೂರಿಗಿ ಅಲ್ಲವ್ವಾ.”

“ಕಟ್ಟಿಗಿ ಹೌದಲ್ರೀ?”

ಜಹೀರುದ್ದೀನರು ನಕ್ಕರು. “ಚಲೋ ಬಂತಂದ್ರ ಆ ಪಾಲಿಶ್‌ನವನ ಮಣಿ ನಿಂದು, ಇಲ್ಲೇ ಕೆಲಸಕ್ಕ ಕೂಡು. ಕೆಡ್ತಂದ್ರ ನಿನ್ನ ಎಣ್ಣೀನೂ ಬ್ಯಾಡ ನನಗ.”

ಅಂಟು ಹಿಡಿಯಬೇಕಾದ ಬುಡಕ್ಕೆ ಬಟ್ಟೆ ಸುತ್ತಿ ತುಂಡನ್ನು ಅವಳ ಕೈಗಿತ್ತರು. ಪುತಳಾಬಾಯಿ ಹತ್ತಿರದ ಕುಸನೂರಿನ ತಂಗಿಯ ಮನೆಯಲ್ಲಿ ಉಳಿದುಕೊಂಡು ದಿನಾ ಅಂಗಡಿಗೆ ಬರತೊಡಗಿದಳು. ಸೋಮವಾರ, ಊರಲ್ಲಿ ಜಾಲಿಯ ನೊಗಕ್ಕೆ ಮಾಡುವ ಹಾಗೆಯೇ, ಹನಿ ಇಳಿಯುವಷ್ಟು ಎಣ್ಣೆ ಸವರಿ, ಕುಡಿಯಲಿ ಎಂದು ಬಿಸಿಲಿಗೆ ಒರಗಿಸಿದಳು.

ಮರುದಿನ ಮುಂಜಾನೆ ಹೆಬ್ಬೆರಳು ಇಟ್ಟರೆ ಅಲ್ಲೇ ಹಿಡಿದುಕೊಂಡಿತು. ಒಂದು ನೊಣದ ಕಾಲು ಸಿಕ್ಕಿಬಿದ್ದಿತ್ತು.

“ಸಿಪಾಯಿ ಇದನ್ನ ಬಾರಸ್ತಾನೋ, ನೊಣ ಹಿಡೀತಾನೋ?” ಎಂದರು ಜಹೀರುದ್ದೀನರು. ಅವರ ದನಿಯಲ್ಲಿ ನಗೆ ಇರಲಿಲ್ಲ.

ಇನ್ನೊಂದು ತುಂಡು ಮುಂಬೈಯಿಂದ ಬರುವಷ್ಟು ದಿನ ಉಳಿದಿರಲಿಲ್ಲ. ಆದರೆ ಆ ಭಯಕ್ಕಿಂತ ಹೆಚ್ಚಾಗಿ ಪುತಳಾಬಾಯಿಯನ್ನು ಕಾಡಿದ್ದು ಬೇರೆ. ಇದು ಯಾಕೆ ಕುಡಿಯಲಿಲ್ಲ? ಅಂಗಡಿಯಲ್ಲಿ ಬಿದ್ದಿದ್ದ ಬೇವಿನ ಚಕ್ಕೆಯ ಮೇಲೆ ಒಂದು ಹನಿ ಬಿಟ್ಟಳು. ಗರ್ದನಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಎಣ್ಣೆ ತಾಗದ ಬುಡದ ಅಂಚಿಗೆ ಒಂದು ಹನಿ ಇಟ್ಟಳು.

“ಅರೆ, ಅಲ್ಲಿ ಅಂಟು ಹಾಕೋದದ!”

“ಸಾಸಿವಿ ಕಾಳಿನಷ್ಟೇ ರೀ. ಒರಸ್ತೇನಿ.”

ಬೇವಿನ ಹನಿ ನೋಡನೋಡುತ್ತ ಇಳಿದುಹೋಯಿತು. ವಿಲಾಯತಿ ಕಟ್ಟಿಗೆಯ ಮೇಲಿನದು ಕೆಸುವಿನೆಲೆಯ ನೀರಿನಂತೆ ಗುಂಡಗೆ ಕೂತೇ ಇತ್ತು.

“ಇದರ ಹೊಟ್ಟಿ ಸಣ್ಣದು ರೀ, ಉಸ್ತಾದ್. ನಾ ಜಾಲಿ ಅಂತ ತಿಳದು ಉಣಸೀನಿ.”

ಅಂಟಿದ ಎಣ್ಣೆಯ ಮೇಲೆ ಹೊಸ ಎಣ್ಣೆ ತೀಡಿ ಮೆತ್ತಗಾಗಿಸಿದಳು. ಹಳೆಯ ಧೋತರದ ಚೂರುಗಳಿಂದ ಒರೆಸಿದಳು, ಅರಿವೆಗೆ ಎಣ್ಣೆ ಹತ್ತದಂತಾಗುವವರೆಗೆ. ಆ ಚೂರುಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಹೋದಾಗ ಜಹೀರುದ್ದೀನರು ತಡೆದರು. “ಬಿಡಿಸಿ ಹಗ್ಗಕ್ಕ ಹಾಕು. ಮುದ್ದಿ ಮಾಡಿದ್ರ ತಾವೇ ಹೊತ್ಕೊಂತಾವ, ಅಂಗಡಿ ಹೋಗತದ.” ಅದೂ ಅವಳಿಗೆ ಹೊಸದು. ಎಣ್ಣೆಯ ಅರಿವೆ ಬೆಂಕಿಯಿಲ್ಲದೆ ಹೇಗೆ ಹೊತ್ತೀತು ಎಂದು ಹಗ್ಗದ ಹತ್ತಿರ ಹೋಗಿ ಎರಡು ಸಲ ಮೂಸಿ ನೋಡಿದಳು.

ಬುಧವಾರ ಅಂಗೈಗೆ ಎರಡೇ ಹನಿ. ಕೈ ಕಾಯುವವರೆಗೆ ತಿಕ್ಕಿ, ಹೊಳಪೂ ಉಳಿಯದಂತೆ ಒರೆಸಿ, ಬಿಸಿಗಾಳಿಗೆ ತೂಗುಹಾಕಿದಳು. ಗುರುವಾರ ಒಂದೇ ಹನಿ. ಮೂಲಂಗಿಯ ಬಿಳುಪು ಹೋಗಿ ತುಪ್ಪದ ಬಣ್ಣ ಬಂದಿತ್ತು. ಸಂಜೆ ಜಹೀರುದ್ದೀನರು ಅದನ್ನು ಗಿಟಾರಿಗೆ ಕೂಡಿಸಿದರು.

ಶುಕ್ರವಾರ ಮಧ್ಯಾಹ್ನ ಸಿಪಾಯಿ ಬಂದು ಬಾರಿಸತೊಡಗಿದ. ಪುತಳಾಬಾಯಿಯ ಕಿವಿ ಹಾಡಿನ ಕಡೆ ಇರಲಿಲ್ಲ. ಅವಳು ಬಗ್ಗಿ, ಗರ್ದನಿನ ಬೆನ್ನ ಮೇಲೆ ಅವನ ಹೆಬ್ಬೆರಳು ಎಲ್ಲಿ ಅಂಟಿ ತಡೆಯುತ್ತದೆ ಎಂದು ನೋಡುತ್ತಿದ್ದಳು. ಅದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಜಾರುತ್ತಲೇ ಇತ್ತು.

ಅವನು ಹೋದ ಮೇಲೆ ಜಹೀರುದ್ದೀನರು ಅಂಟಿನ ಡಬ್ಬಿಗಳನ್ನು ಒಂದೊಂದಾಗಿ ಮಣೆಯಿಂದ ನೆಲಕ್ಕಿಳಿಸಿದರು. ಪುತಳಾಬಾಯಿ ಒಮ್ಮೆಲೇ ಅದರ ಮೇಲೆ ಕೂರಲಿಲ್ಲ. ಮೊದಲು ಮಣೆಯನ್ನು ತಿರುವಿ, ಬೆರಳಾಡಿಸಿದಳು.

“ಇದು ಯಾ ಕಟ್ಟಿಗೀದ್ರೀ ಉಸ್ತಾದ್?”