ಬಿಳಿ ಚುಕ್ಕೆಯ ಬೂಟುಗಳು

ಮೀನು ತೊಳೆಯುವ ಕಾರ್ಖಾನೆಯಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಬೆಂಚು, ಒಂದು ನೀರಿನ ತೊಟ್ಟಿ, ಒಂದು ಸೈಕಲ್ ಪಂಪು ಇದ್ದವು. ಅಲ್ಲಿ ಕೂತು ರಬ್ಬರ್ ಬೂಟುಗಳ ಸೋರಿಕೆ ಮುಚ್ಚುವವಳನ್ನು ಎಲ್ಲರೂ ತೇಪೆಯಕ್ಕ ಎನ್ನುತ್ತಿದ್ದರು. ಅವಳಪ್ಪ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಮಗಳಿಗೆ ಅಕ್ಷರಕ್ಕಿಂತ ಮೊದಲು ಸೊಲ್ಯೂಷನ್ ವಾಸನೆಯ ಪರಿಚಯವಾಗಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ. ತಲೆಯ ಮೇಲೆ ತಲೆ ಬಿದ್ದರೂ ತನ್ನ ಪದ್ಧತಿ ಬಿಡುವವಳಲ್ಲ.

ಆ ಪದ್ಧತಿಗೂ ಕಾರಣವಿತ್ತು. ತೊಳೆಯುವ ಕೋಣೆಯ ಹೆಂಗಸರು ದಿನವಿಡೀ ಮಂಜುಗಡ್ಡೆ ಕರಗಿದ ಉಪ್ಪುನೀರಲ್ಲಿ ನಿಲ್ಲುವವರು. ಹೆಬ್ಬೆರಳು ಒದ್ದೆಯಾಗುತ್ತಿದೆ ಎಂದು ಬೂಟು ತರುತ್ತಾರೆ. ಆದರೆ ತೂತು ಹೆಬ್ಬೆರಳ ಹತ್ತಿರ ಇರುವುದೇ ಇಲ್ಲ! ಹಿಮ್ಮಡಿಯ ಮೇಲಿನ ಮಡಿಕೆಯಲ್ಲಿ ನುಗ್ಗಿದ ನೀರು ಇಳಿದು ಹೋಗಿ ಬೆರಳಲ್ಲಿ ನಿಂತಿರುತ್ತದೆ. ಅದಕ್ಕೇ ತೇಪೆಯಕ್ಕ ಕಣ್ಣನ್ನು ನಂಬುತ್ತಿರಲಿಲ್ಲ. ಸೈಕಲ್ ವಾಲ್ವು ಕೂರಿಸಿದ ಮರದ ಬಿರಡೆಯನ್ನು ಬೂಟಿನ ಬಾಯಿಗೆ ತುರುಕಿ, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು, ಗಾಳಿ ಹೊಡೆದು, ತೊಟ್ಟಿಯಲ್ಲಿ ಮುಳುಗಿಸುತ್ತಿದ್ದಳು. ಗುಳ್ಳೆ ಎದ್ದಲ್ಲಿ ಗುರುತು ಮಾಡಿ, ಒಣಗಿಸಿ, ಉಜ್ಜಿ, ಸೊಲ್ಯೂಷನ್ ಸವರಿ, ಅದು ಬೆರಳಿಗೆ ಅಂಟದಷ್ಟು ಆರಿದ ಮೇಲೆ ತೇಪೆ ಒತ್ತುತ್ತಿದ್ದಳು. ಮತ್ತೊಮ್ಮೆ ಮುಳುಗಿಸಿ, ಒಂದೇ ಒಂದು ಗುಳ್ಳೆಯೂ ಬರದಿದ್ದರೆ ಮಾತ್ರ ಬೂಟಿನ ಒಳಗೆ ಒಂದು ಬಿಳಿ ಚುಕ್ಕೆ. ಚುಕ್ಕೆಯಿಲ್ಲದ ಬೂಟಿಗೆ ಯಾರೂ ಕಾಲು ಹಾಕುತ್ತಿರಲಿಲ್ಲ.

ಒಂದು ಸಲ ಮಾತ್ರ ಅವಳು ಈ ಪದ್ಧತಿ ಮುರಿದಿದ್ದಳು. ಅದೇ ತೊಳೆಯುವ ಕೋಣೆಯಲ್ಲಿ ದುಡಿಯುವ ನಾದಿನಿಯ ಬೂಟು, ಅವಳ ಶಿಫ್ಟಿಗೆ ಹೊತ್ತಾಗಿತ್ತು. ಮನೆಯವಳದೇ ತಾನೆ ಎಂದು ಎರಡನೇ ಸಲ ಮುಳುಗಿಸದೆ ಚುಕ್ಕೆ ಇಟ್ಟುಬಿಟ್ಟಳು. ಆ ಚಳಿಗಾಲ ಪೂರ್ತಿ ನಾದಿನಿ ಒದ್ದೆ ಕಾಲಲ್ಲೇ ನಿಂತಳು. ಕಿರುಬೆರಳು ಹುಣ್ಣಾಗಿ, ಕೀವಾಗಿ, ಕೊನೆಗೆ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

"ಒದ್ದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ?" ಎಂದು ತೇಪೆಯಕ್ಕ ಮಂಚದ ಪಕ್ಕ ಕೂತು ಕೇಳಿದ್ದಳು.

"ನಿಮ್ಮ ಚುಕ್ಕೆ ಇತ್ತಲ್ಲ ಅತ್ತಿಗೆ. ಬೆವರು ಅನ್ಕೊಂಡೆ."

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಲು ಧೈರ್ಯ ಬರಲಿಲ್ಲ. ಎರಡು ವರ್ಷದಿಂದ ನಾದಿನಿ ಓರೆಯಾಗಿ ನಡೆಯುವುದನ್ನು ನೋಡಿದಾಗಲೆಲ್ಲ ತೇಪೆಯಕ್ಕ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಮೂವತ್ತು ಜೊತೆ ಹೊಸ ಬೂಟು ಬಂದವು. ಹಳೆಯವನ್ನೆಲ್ಲ ಸ್ಟೋರ್ ಮ್ಯಾನೇಜರ್ ಆಗಲೇ ಗುಜರಿಗೆ ಹಾಕಿಸಿದ್ದ. "ನಾಳೆ ಬೆಳಿಗ್ಗೆ ಇವನ್ನೇ ಹಂಚ್ಬೇಕು. ಎಲ್ಲಾದಕ್ಕೂ ಚುಕ್ಕೆ ಇಟ್ಟು ಮುಗ್ಸಮ್ಮ," ಎಂದ.

ತೇಪೆಯಕ್ಕ ಒಂದು ಜೊತೆ ಮುಳುಗಿಸಿದಳು. ತಳದ ಅಟ್ಟೆ ಕೂಡುವಲ್ಲಿ ಸುತ್ತಲೂ ಗುಳ್ಳೆಗಳು.

"ಸಾರ್, ಇದು ಬೂಟಲ್ಲ, ಜರಡಿ."

"ಹೊಸ ಬೂಟು ಎಲ್ಲಾದ್ರೂ ಸೋರುತ್ತಾ? ಒಳಗೆ ಒದ್ದೆಯಾದ್ರೆ ಅದು ಬೆವರು."

ಆ ಒಂದು ಪದ ಕೇಳಿದ್ದೇ ಅವಳ ಮೈಯೆಲ್ಲ ಉರಿದುಹೋಯಿತು. "ಮಂಜಿನ ನೀರಲ್ಲಿ ನಿಂತು ಬೆವರೋ ಕಾಲು ಯಾವ ಲೋಕದಲ್ಲಿದೆ ತೋರ್ಸಿ ಸಾರ್! ಮುಳುಗಿಸ್ದೆ ನಾನು ಚುಕ್ಕೆ ಇಡಲ್ಲ."

"ಇಡದಿದ್ರೆ ನಾಳೆಯಿಂದ ಈ ಬೆಂಚೂ ಇಲ್ಲ, ನೀನೂ ಇಲ್ಲ."

"ಬೆಂಚು ನಿಮ್ದು, ಎತ್ಕೊಂಡ್ಹೋಗಿ. ಚುಕ್ಕೆ ನನ್ದು."

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಬೆಂಚು ಅಲ್ಲೇ ಇತ್ತು, ಆದರೆ ಮೂವತ್ತು ಜೊತೆಗೂ ಚುಕ್ಕೆ! ಅಂಗಿಯ ಗುಂಡಿಯಷ್ಟು ದಪ್ಪ ದಪ್ಪ ಚುಕ್ಕೆಗಳು. ಮ್ಯಾನೇಜರನ ಅಂಗಿತೋಳಿನ ತುದಿಗೆ ಬಿಳಿ ಬಣ್ಣ ಮೆತ್ತಿತ್ತು. ಹೆಂಗಸರು ಬೂಟು ಎತ್ತಿಕೊಂಡು, ಒಳಗೆ ಇಣುಕಿ, ಚುಕ್ಕೆ ಕಂಡ ಕೂಡಲೇ ಕಾಲು ತೂರಿಸುತ್ತಿದ್ದರು. ನಾದಿನಿಯ ನಾಲ್ಕು ಬೆರಳಿನ ಪಾದ ಆಗಲೇ ಅರ್ಧ ಒಳಗೆ ಹೋಗಿತ್ತು.

"ತೆಗಿಯೇ ಕಾಲು!" ತೇಪೆಯಕ್ಕನ ಕೂಗಿಗೆ ಎಲ್ಲರ ಕೈಕಾಲೂ ಗಕ್ಕನೆ ನಿಂತವು. "ಆ ಚುಕ್ಕೆ ನಾನಿಟ್ಟಿದ್ದಲ್ಲ."

"ಇವಳ ಮಾತು ಕೇಳ್ಬೇಡಿ," ಎಂದು ಮ್ಯಾನೇಜರ್ ಮುಂದೆ ಬಂದ. "ಬಣ್ಣ ಅದೇ, ಚುಕ್ಕೆ ಅದೇ. ಯಾರು ಇಟ್ರೇನು? ಒದ್ದೆ ಅನ್ಸಿದ್ರೆ ಬೆವರು, ಅಷ್ಟೇ."

ತೇಪೆಯಕ್ಕ ನಾದಿನಿಯ ಮುಖ ನೋಡಿದಳು. ಇನ್ನು ಮುಚ್ಚಿಟ್ಟರೆ ತಾನೂ ಈತನೂ ಒಂದೇ ಎನಿಸಿತು. "ನಾನಿಟ್ಟ ಚುಕ್ಕೇನೂ ನಂಬ್ಬೇಡಿ," ಎಂದಳು. "ಅವತ್ತು ನಿನ್ನ ಬೂಟನ್ನ ನಾನು ಎರಡನೇ ಸಲ ಮುಳುಗಿಸ್ಲೇ ಇಲ್ಲ ಕಣೇ. ಹಾಗೇ ಚುಕ್ಕೆ ಇಟ್ಟೆ. ನಿನ್ನ ಬೆರಳು ಹೋಗಿದ್ದು ನನ್ನಿಂದ."

ಬೆಂಚಿನ ಮೇಲಿದ್ದ ಬಿಳಿ ಬಣ್ಣದ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಎಸೆದಳು. "ಇನ್ಮೇಲೆ ಚುಕ್ಕೆ ಇಲ್ಲ. ಅವರವರ ಬೂಟು ಅವರವರೇ ಮುಳುಗ್ಸಿ ನೋಡ್ಕೊಳ್ಳಿ. ಕಾಲು ಒದ್ದೆ ಅಂದ್ರೆ ಒದ್ದೇನೇ. ಯಾರು ಏನೇ ಹೇಳ್ಲಿ, ನಾನೇ ಹೇಳ್ಲಿ."

ನಾದಿನಿ ನಿಧಾನವಾಗಿ ಬೂಟಿನಿಂದ ಕಾಲು ಹೊರಗೆಳೆದಳು. ಬೂಟನ್ನು ಹಿಡಿದು ಬರಿಗಾಲಲ್ಲಿ ಕುಂಟುತ್ತ ತೊಟ್ಟಿಯ ಬಳಿ ಬಂದು, ತಾನೇ ಬಿರಡೆ ತುರುಕಿ, ಪಟ್ಟಿ ಬಿಗಿದಳು. ಅತ್ತಿಗೆಯ ಕಡೆ ಕಣ್ಣೆತ್ತಿ ಕೂಡ ನೋಡಲಿಲ್ಲ.

"ಮನೆಗೆ ಹೋದ್ಮೇಲೆ ನಿಮ್ಮ ಹತ್ರ ದೊಡ್ಡ ಜಗಳ ಇದೆ ಅತ್ತಿಗೆ," ಎಂದಳು. "ಈಗ ಗಾಳಿ ಹೊಡೀರಿ."

ತೇಪೆಯಕ್ಕ ಪಂಪು ಒತ್ತಿದಳು. ನಾದಿನಿ ಬೂಟನ್ನು ಎರಡೂ ಕೈಯಿಂದ ನೀರೊಳಗೆ ಅದುಮಿದಳು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಒಬ್ಬೊಬ್ಬರಾಗಿ ಹೆಂಗಸರು ಬೂಟು ಕಳಚಿ, ಕೈಯಲ್ಲಿ ಹಿಡಿದು, ತೊಟ್ಟಿಯ ಮುಂದೆ ಸಾಲಾಗಿ ನಿಂತರು. ಆಚೆ ತೊಳೆಯುವ ಕೋಣೆಯಲ್ಲಿ ಮೀನಿನ ಬುಟ್ಟಿಗಳು ಕಾಯುತ್ತಿದ್ದವು.

"ಕೆಲಸ ಶುರು ಮಾಡ್ರೀ! ಏನ್ ನೋಡ್ತಾ ಇದೀರಾ ಅಲ್ಲಿ?" ಎಂದು ಮ್ಯಾನೇಜರ್ ಅರಚಿದ.

ನಾದಿನಿ ತೊಟ್ಟಿಯಿಂದ ತಲೆ ಎತ್ತಲಿಲ್ಲ.

"ಬೂಟು ಬೆವರ್ತಾ ಇದೆ ಸಾರ್. ಬನ್ನಿ, ನೀವೂ ನೋಡಿ."