ಒಂದು ಎಲೆ, ಮೂರು ಪಥ್ಯ

ರವೆ ಹುರಿಯುತ್ತಿರುವ ಹೆಂಗಸಿಗೆ ಯಾರೂ ಸುದ್ದಿ ಹೇಳಬಾರದು. ಒಳ್ಳೆಯದಾದರೂ ಕೆಟ್ಟದ್ದಾದರೂ ಬಾಣಲೆಯ ತಳ ಹಿಡಿಯುವುದಂತೂ ಸಿದ್ಧ. ಕೋಡಿಂಬಾಳದ ನಮ್ಮ ಮನೆಯಲ್ಲಿ ಆ ದಿನ ಸತ್ಯನಾರಾಯಣ ಪೂಜೆ. ಬಾಯಲ್ಲಿ ನಾಮಸ್ಮರಣೆ, ಮನಸ್ಸಿನಲ್ಲಿ ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಚಿಂತೆ, ಕೈಯಲ್ಲಿ ಸಟ್ಟುಗ. ಗೃಹಿಣಿಯ ಭಕ್ತಿಯೆಂದರೆ ಇಷ್ಟೇ ತಾನೆ! ಆಗ ನಮ್ಮ ಯಜಮಾನರು ಕಡಬದಿಂದ ಬಂದು, "ಕೇಳಿತಾ? ಪುತ್ತೂರಿನ ಡಾಕ್ಟ್ರು ಸುಬ್ರಹ್ಮಣ್ಯಕ್ಕೆ ಹೊರಟಿದ್ದಾರಂತೆ. ಊಟಕ್ಕೆ ಇಲ್ಲಿಗೇ ಬರ್ತಾರೆ" ಎಂದರು. ರವೆ ತಳ ಹಿಡಿಯಿತು.

ಡಾಕ್ಟರು ಉಣ್ಣಲು ಬಂದರೆ ಗಾಬರಿ ಯಾಕೆ ಎನ್ನುವಿರಾ? ನಾಡಿ ನೋಡಿ ಕಷಾಯ ಕೊಡುವ ಆಲಂಕಾರಿನ ಪಂಡಿತರೂ ಬರುವವರಿದ್ದರು. ಪೂಜೆ ಮಾಡಿಸುವವರು ಸುಳ್ಯದ ಜೋಯಿಸರು. ಮೂವರೂ ನನ್ನ ಮಗಳು ಗೌರಿಯನ್ನು ಗುಣಪಡಿಸಲು ಹೊರಟವರು, ಮತ್ತು ಒಬ್ಬರ ಸಂಗತಿ ಇನ್ನೊಬ್ಬರಿಗೆ ತಿಳಿಯದು. ನಮ್ಮ ಕಡೆ ಅದೊಂದು ಮರ್ಯಾದೆ. ಪಂಡಿತರ ಎದುರು ಡಾಕ್ಟರ ಹೆಸರೆತ್ತಿದರೆ ಅವರ ಕೈಗುಣವನ್ನೇ ಶಂಕಿಸಿದಂತೆ. ಜೋಯಿಸರ ಎದುರು ಇಬ್ಬರ ಹೆಸರೆತ್ತಿದರೆ ದೇವರನ್ನೇ ಶಂಕಿಸಿದಂತೆ.

ಗೌರಿಗೆ ಆಗ ಆರು ವರ್ಷ. ಮಾತು ಬಂದಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಹುಣಸೆಬೀಜಗಳನ್ನು ಜಗಲಿಯುದ್ದಕ್ಕೂ ಸಾಲಾಗಿ ಜೋಡಿಸಿ, ಒಂದು ಕದಲಿದರೂ ಲೋಕ ಮುಳುಗಿದಂತೆ ಅಳುತ್ತಿದ್ದಳು. ಈಗ ಅದಕ್ಕೆ ಆಟಿಸಂ ಎಂಬ ಹೆಸರುಂಟು. ಅರವತ್ತರ ದಶಕದ ನಮಗೆ ಹೆಸರು ಗೊತ್ತಿರಲಿಲ್ಲ, ಮಗು ಮಾತ್ರ ಗೊತ್ತಿತ್ತು. ಅವಳು ಉಣ್ಣುತ್ತಿದ್ದದ್ದು ಸಾರನ್ನ, ಮೊಸರನ್ನ ಎರಡೇ. ಮೊಸರು ಕಫ, ನಾಲಗೆ ಏಳದು ಎಂದು ಪಂಡಿತರು ಮೊಸರು ಬಿಡಿಸಿದ್ದರು. ಹುಳಿಖಾರ ಬೇಡವೆಂದು ಡಾಕ್ಟರು ಸಾರು ನಿಲ್ಲಿಸಿದ್ದರು. ಒಂದು ಮಂಡಲದ ಹರಕೆಯೆಂದು ಜೋಯಿಸರು ಉಪ್ಪನ್ನೇ ತೆಗೆಸಿದ್ದರು. ನಾವೋ, ಮೂವರ ಮಾತನ್ನೂ ಪರಮ ಶ್ರದ್ಧೆಯಿಂದ ಪಾಲಿಸುವವರು! ಮಗು ದಿನೇದಿನೇ ಸೊರಗಿದಳು. ಇನ್ನೂ ಇಳಿದರೆ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿಸಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಸ್ಸಿನ ಹಾರನ್ನಿಗೇ ಕಿವಿಮುಚ್ಚಿ ನೆಲದಲ್ಲಿ ಹೊರಳುವವಳು ಆ ಗದ್ದಲದಲ್ಲಿ ಹೇಗೆ ಉಳಿದಾಳು ಎಂಬುದೇ ನನ್ನ ಎದೆಯ ಭಾರ.

ಪೂಜೆ ಮುಗಿಯುವಷ್ಟರಲ್ಲಿ ಡಾಕ್ಟರೂ ಪಂಡಿತರೂ ಬಂದಿದ್ದರು. ಎಲೆ ಹಾಕಿದೆವು. ಸಾಲೆಂದರೆ ಗೌರಿಗೆ ಪ್ರಾಣ. ಎಲೆಗಳ ಸಾಲು ಕಂಡದ್ದೇ ಓಡಿಬಂದು ಆ ಮೂವರ ಪಕ್ಕದ ಎಲೆಗೆ ಕುಳಿತುಬಿಟ್ಟಳು. ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡುವುದು ಮಹಾಪಾಪ. ದೇವರೇ ಗತಿ ಎಂದು ಅವಳ ಎಲೆಗೂ ಉಪ್ಪು ಬಡಿಸಹೋದೆ.

"ಅಕ್ಕಾ, ಉಪ್ಪು ಬೇಡ! ಹರಕೆ ಉಂಟು!" ಎಂದರು ಜೋಯಿಸರು.

ಅನ್ನ ಬಡಿಸಿ ಸಾರಿನ ಸೌಟು ಎತ್ತಿದೆ. "ಹುಳಿಖಾರ ಕೊಡ್ಬೇಡಿ ಅಂತ ಹೇಳಿದ್ದೆ ಅಲ್ವಾ?" ಎಂದರು ಡಾಕ್ಟರು.

ಮೊಸರಿಗೆ ಕೈಹಾಕಿದ್ದೇ ತಡ, ಪಂಡಿತರು ಅವಳ ಎಲೆಯ ಮೇಲೆ ತಮ್ಮ ಅಂಗೈಯನ್ನೇ ಅಡ್ಡ ಹಿಡಿದರು. ಗೌರಿ ಬರಿಯ ಅನ್ನವನ್ನು ನೋಡಿದಳು; ಎಲೆಯನ್ನು ಮೆಲ್ಲಗೆ ದೂಡಿದಳು.

ಬಾಗಿಲ ಬಳಿ ನಿಂತಿದ್ದ ನನ್ನ ಅತ್ತೆ ಸುಮ್ಮನಿರುವ ಜಾತಿಯವರಲ್ಲ. "ಮೂರು ಜನ ಸೇರಿ ಒಂದು ಮಗುವಿನ ಎಲೆ ಖಾಲಿ ಮಾಡಿದ್ರಲ್ಲ ಮಾರಾಯ್ರೆ! ಇನ್ನು ಅದು ತಿನ್ನುದು ಎಂತ, ಬಾಳೆಲೆಯನ್ನಾ?"

ಮೂವರು ಪರಸ್ಪರ ಮುಖ ನೋಡಿಕೊಂಡರು. ಮೊದಲು ನಕ್ಕವರು ಡಾಕ್ಟರು. "ನಾನು ಇವಳು ಸೊರಗುವ ಕಾಯಿಲೆ ಯಾವುದಪ್ಪಾ ಅಂತ ಹುಡುಕ್ತಾ ಇದ್ದೆ. ಕಾಯಿಲೆ ನಾವೇ ಅಲ್ವಾ ಪಂಡಿತರೇ?"

ಒಬ್ಬರು ನಾಲಗೆಗೆ, ಒಬ್ಬರು ಹೊಟ್ಟೆಗೆ, ಒಬ್ಬರು ಗ್ರಹಗಳಿಗೆ ಮದ್ದು ಮಾಡುತ್ತಿದ್ದರು. ಹಸಿದ ಗೌರಿಯನ್ನು ಮೂವರೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಪಂಡಿತರು ಕೈ ಹಿಂತೆಗೆದರು: "ಬಡಿಸಿ ತಂಗೀ. ಕಫವನ್ನು ಮತ್ತೆ ನಾನು ನೋಡಿಕೊಳ್ತೇನೆ." ಜೋಯಿಸರು ಕ್ಷಣಕಾಲ ಕಣ್ಣು ಮುಚ್ಚಿ, "ಹರಕೆ ತಪ್ಪಿಸುದು ಬೇಡ. ಉಳಿದ ದಿನ ಇವಳ ಬದಲು ನಾನು ಉಪ್ಪು ಬಿಡ್ತೇನೆ" ಎಂದು ತಮ್ಮ ಎಲೆಯ ಉಪ್ಪನ್ನು ಬದಿಗೆ ಸರಿಸಿದರು. ಹುಳಿಗೂ ಪಾಯಸಕ್ಕೂ ಕೈ ಮುಂದೆ ಮಾಡುವ ಆ ಊಟಪ್ರಿಯರ ತ್ಯಾಗ ಎಷ್ಟು ದೊಡ್ಡದೆಂದು ಬಡಿಸುವವಳಿಗಷ್ಟೇ ಗೊತ್ತು.

ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಮೂವರೂ ಒಂದು ಮಾತಿಗೆ ಬಂದರು: ಉಳಿದಿಬ್ಬರನ್ನು ಕೇಳದೆ ಯಾರೂ ಗೌರಿಗೆ ಏನನ್ನೂ ಬಿಡಿಸಬಾರದು. ಹತ್ತಿರದವರಾದ ಪಂಡಿತರು ವಾರಕ್ಕೊಮ್ಮೆ ಬಂದು ನೋಡಿ, ಬಸ್ಸಿನವರ ಕೈಯಲ್ಲಿ ಪುತ್ತೂರಿಗೆ ಹೇಳಿಕಳಿಸಬೇಕು. "ಮಂಗಳೂರು ಸದ್ಯಕ್ಕೆ ಬೇಡ" ಎಂದರು ಡಾಕ್ಟರು. ನಾನು ದೇವರಕೋಣೆಯ ಕಡೆ ತಿರುಗಿ ಕೈಮುಗಿದೆ.

ಮಗಳಿಗೆ ಮಾತು ಆ ದಿನವೂ ಬರಲಿಲ್ಲ. ಬರಲೇಬೇಕೆಂದು ನಾನು ದೇವರನ್ನು ಪೀಡಿಸಲೂ ಇಲ್ಲ, ಒಂದೇ ದಿನ ಎಷ್ಟೆಂದು ಕೇಳುವುದು! ಗೌರಿ ಎರಡು ಸಲ ಮೊಸರನ್ನ ಹಾಕಿಸಿಕೊಂಡು ಉಂಡು, ಕಂಬಕ್ಕೊರಗಿ ನಿದ್ದೆಹೋಗಿದ್ದಳು. ಅಡುಗೆಮನೆಗೆ ಬಂದು ನೋಡಿದರೆ ಮೊಸರಿನ ಪಾತ್ರೆ ಬರಿದು. ಅಟ್ಟದಿಂದ ದೊಡ್ಡ ಮಣ್ಣಿನ ಗಡಿಗೆ ಇಳಿಸಿ ತೊಳೆದು, ಸಂಜೆಯ ಹಾಲಿಗೆ ಹೆಪ್ಪು ಹಾಕಲು ಕುಳಿತೆ.